ಗೆಡ್ಡೆಯ ಗುರುತು ಯಾರ ಸೊತ್ತು?

ಮುಟ್ಟು ನಿಂತು ಐದಾರು ವರ್ಷವಾದ ಹೆಂಗಸಿಗೆ ಒಂದು ದಿನ ಸೀರೆಯ ಮೇಲೆ ರಕ್ತದ ಕಲೆ ಕಾಣುತ್ತದೆ. ಆಕೆ ಯಾರಿಗೂ ಹೇಳುವುದಿಲ್ಲ. ಉಷ್ಣವಾಗಿರಬೇಕೆಂದು ಎರಡು ದಿನ ಎಳನೀರು ಕುಡಿಯುತ್ತಾಳೆ. ಕೊತ್ತಂಬರಿ ಬೀಜದ ಕಷಾಯ ಮಾಡಿಕೊಳ್ಳುತ್ತಾಳೆ. ಮಗ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುತ್ತಾನೆ. ಅವನೊಡನೆ ಇಂತಹ ಮಾತು ಎತ್ತುವುದು ಹೇಗೆ? ಸೊಸೆಯ ಕಿವಿಗೆ ಹಾಕಿದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೋದರೆ ಒಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಹೀಗೆ ಮುಚ್ಚಿಟ್ಟುಕೊಂಡು ತಿಂಗಳುಗಳು ಕಳೆಯುತ್ತವೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ನಮ್ಮ ಓದುಗರಲ್ಲಿ ಅನೇಕರ ಮನೆಯ ಕಥೆಯಾಗಬಹುದಾದದ್ದು.

ಬೋನಸ್ಸು, ತುಟ್ಟಿಭತ್ಯ, ತೆರಿಗೆಗಳ ವಿಷಯ ಬರೆಯುವ ಈ ಅಂಕಣದಲ್ಲಿ ಹೆಂಗಸರ ಗರ್ಭಕೋಶದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆ ಹುಬ್ಬೇರಿಸುವಿಕೆಯೇ ರೋಗಕ್ಕೆ ಅರ್ಧ ಸಹಾಯ ಮಾಡುತ್ತಿದೆ ಎಂಬುದು ನಮ್ಮ ಉತ್ತರ. ಬಡವನ ಮನೆಯಲ್ಲಿ ತಾಯಿಯ ಕಾಯಿಲೆ ಎಂದರೆ ಅದು ಕೂಲಿಯ ಪ್ರಶ್ನೆ, ಸಾಲದ ಪ್ರಶ್ನೆ, ಅಂಗಡಿಯ ಬಂಡವಾಳ ಕರಗುವ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ, ಕಳೆದ ಹನ್ನೆರಡು ಹದಿಮೂರು ವರ್ಷಗಳಲ್ಲಿ ಈ ರೋಗದ ವಿಷಯದಲ್ಲಿ ಮನುಷ್ಯ ಕಲಿತ ಒಂದು ದೊಡ್ಡ ಪಾಠ ನಮ್ಮ ಬೀದಿಗೆ ಇನ್ನೂ ಬಂದು ಮುಟ್ಟಿಲ್ಲ. ಅದು ಬಂದು ಮುಟ್ಟಬೇಕೆಂದು ಕೇಳುವುದು ಬೋನಸ್ಸು ಕೇಳುವಷ್ಟೇ ನ್ಯಾಯವಾದ ಬೇಡಿಕೆ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಶಿಬಿರಗಳಲ್ಲಿ ಪರೀಕ್ಷೆ ಮಾಡುವುದು ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು. ನಾವು ಹೇಳುತ್ತಿರುವುದು ಗರ್ಭಕೋಶದ ಒಳಪೊರೆಯಲ್ಲಿ ಹುಟ್ಟುವ ಬೇರೆ ಕ್ಯಾನ್ಸರಿನ ವಿಷಯ. ಕೊರಳಿನಿಂದ ದ್ರವ ಸವರಿ ತೆಗೆಯುವ ಆ ಪರೀಕ್ಷೆ ಇದನ್ನು ಹಿಡಿಯುತ್ತದೆಂದು ನಂಬಿ ಕೂರುವಂತಿಲ್ಲ. ಆದರೆ ಈ ರೋಗ ತಾನೇ ಬಾಗಿಲು ಬಡಿದು ಹೇಳುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಾಣುವುದೇ ಆ ಸೂಚನೆ. ರೋಗವಿದ್ದ ನೂರು ಮಂದಿಯಲ್ಲಿ ಸುಮಾರು 90 ಮಂದಿಗೆ ಈ ಸೂಚನೆ ದೊರೆತಿರುತ್ತದೆ. ಹಾಗೆಂದು ರಕ್ತ ಕಂಡವರೆಲ್ಲ ಹೆದರಬೇಕಾಗಿಲ್ಲ. ಅಂತಹ ನೂರು ಮಂದಿಯಲ್ಲಿ ಕ್ಯಾನ್ಸರ್ ಇರುವುದು ಸುಮಾರು 9 ಮಂದಿಗೆ ಮಾತ್ರ. ಆದರೆ ಆ ಒಂಬತ್ತರಲ್ಲಿ ತಾನು ಸೇರಿಲ್ಲವೆಂದು ತೋರಿಸಿಕೊಳ್ಳದೆ ತಿಳಿಯುವ ಬಗೆ ಇಲ್ಲ.

ಈ ಕ್ಯಾನ್ಸರ್ ಸಾಮಾನ್ಯವಾಗಿ ಸೌಮ್ಯವಾದದ್ದೆಂದು ಹೆಸರು ಪಡೆದಿದೆ. ಬೇಗ ಸಿಕ್ಕರೆ ಶಸ್ತ್ರಚಿಕಿತ್ಸೆಯೊಂದರಿಂದಲೇ ಬಹುಮಂದಿ ಗುಣವಾಗುತ್ತಾರೆ. ಆದರೆ ಇದರಲ್ಲಿಯೇ ಕೆಲವು ಕ್ರೂರ ಜಾತಿಗಳುಂಟು. ಅವು ಗರ್ಭಕೋಶದಲ್ಲಿ ಚಿಕ್ಕದಾಗಿ ಕಾಣುವಾಗಲೇ ಹೊಟ್ಟೆಯ ಬೇರೆ ಕಡೆಗೆ ಹರಡಿರಬಲ್ಲವು. ಯಾವುದು ಸೌಮ್ಯ, ಯಾವುದು ಕ್ರೂರ ಎಂದು ಹೇಳುವುದು ಹೇಗೆ? ಪ್ರಶ್ನೆಯೆಲ್ಲ ಇಲ್ಲಿದೆ.

1983ರಲ್ಲಿ ಲೆನಿನ್‌ಗ್ರಾಡಿನ ವೈದ್ಯ ಬೋಖ್‌ಮನ್ ಈ ರೋಗವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಬೊಜ್ಜು, ಸಕ್ಕರೆ ಕಾಯಿಲೆ, ಹೆಣ್ಣು ಹಾರ್ಮೋನಿನ ಹೆಚ್ಚಳಗಳ ಜೊತೆ ಬರುವ ನಿಧಾನದ ಬಗೆ ಒಂದು. ಇವುಗಳ ಹಂಗಿಲ್ಲದೆ ಬರುವ ವೇಗದ ಬಗೆ ಇನ್ನೊಂದು. ಮೂವತ್ತು ವರ್ಷ ವೈದ್ಯರು ಈ ಎರಡು ಗೂಟಗಳಿಗೇ ರೋಗಿಗಳನ್ನು ಕಟ್ಟಿದರು. ಸೂಕ್ಷ್ಮದರ್ಶಕದಲ್ಲಿ ಗೆಡ್ಡೆಯ ಮುಖ ನೋಡಿ ಗುಣ ಹೇಳುವುದು ಅಂದಿನ ರೀತಿ. ಆದರೆ ಮುಖ ನೋಡಿ ಗುಣ ಹೇಳುವುದು ಸಂತೆಯಲ್ಲಿ ಎತ್ತು ಕೊಳ್ಳುವಾಗಲೇ ಸರಿಹೋಗುವುದಿಲ್ಲ. ಹಲ್ಲು ಹಿಡಿದು ನೋಡಬೇಕು. ಒಂದೇ ಗಾಜಿನ ಪಟ್ಟಿಯನ್ನು ನೋಡಿದ ಇಬ್ಬರು ತಜ್ಞರು ಎರಡು ಹೆಸರು ಹೇಳುವುದೂ ಉಂಟಾಯಿತು.

2013ರಲ್ಲಿ ಅಮೆರಿಕ ಸರಕಾರದ ಹಣದಿಂದ ನಡೆದ ಒಂದು ದೊಡ್ಡ ಸಂಶೋಧನೆ ಈ ಗೆಡ್ಡೆಗಳ ಹಲ್ಲು ಹಿಡಿದು ನೋಡಿತು. 373 ಹೆಂಗಸರ ಗೆಡ್ಡೆಗಳ ಒಳಗಿನ ವಂಶವಾಹಿ ಬರಹವನ್ನು ಪರೀಕ್ಷಿಸಿದಾಗ ರೋಗ ಎರಡಲ್ಲ, ನಾಲ್ಕು ಬಗೆ ಎಂದು ಗೊತ್ತಾಯಿತು. ಈ ನಾಲ್ಕರ ಗುರುತುಗಳೇ ಇಂದು ವೈದ್ಯರು ಹೇಳುವ ಅಣುಮಟ್ಟದ ಗುರುತುಗಳು.

ಇವು ಏನೆಂದು ನಮ್ಮ ಓದುಗರಿಗೆ ತಿಳಿಯದೇ ಇರುವಂತಹ ಗಹನವಾದ ವಿಷಯವಲ್ಲ. ದೇಹದ ಪ್ರತಿಯೊಂದು ಜೀವಕಣದೊಳಗೂ ಒಂದು ಖಾತೆ ಪುಸ್ತಕವಿದೆ ಎಂದು ತಿಳಿಯಿರಿ. ಕಣ ಒಂದು ಎರಡಾಗುವಾಗ ಆ ಪುಸ್ತಕವನ್ನು ಪೂರ್ತಿ ನಕಲು ಮಾಡಬೇಕು. ನಕಲು ಬರೆಯುವ ಗುಮಾಸ್ತ ಬರೆಯುತ್ತಲೇ ತನ್ನ ತಪ್ಪನ್ನು ತಿದ್ದಿಕೊಳ್ಳುತ್ತಾನೆ. ಅವನ ಹೆಸರು ಪೋಲ್-ಇ. ಅವನ ಕಣ್ಣು ತಪ್ಪಿಸಿದ ದೋಷಗಳನ್ನು ಹಿಂದಿನಿಂದ ಬಂದು ತಾಳೆ ನೋಡಿ ಸರಿಪಡಿಸುವವರು ಬೇರೆ ಇದ್ದಾರೆ, ಅವರು ಎಂ.ಎಂ.ಆರ್. ಪ್ರೋಟೀನುಗಳು. ಇಷ್ಟಾದರೂ ತಪ್ಪು ಉಳಿದರೆ ಕೆಲಸವನ್ನೇ ನಿಲ್ಲಿಸುವ ಒಂದು ಏರ್ಪಾಡು ಉಂಟು. ಗಿರಣಿಯ ಅಣ್ಣಂದಿರಿಗೆ ಅದನ್ನು ವಿವರಿಸಬೇಕಾಗಿಲ್ಲ: ಹಾಸಿನ ಒಂದು ಎಳೆ ಹರಿದರೆ ಮಗ್ಗ ತಾನಾಗಿ ನಿಲ್ಲುತ್ತದೆಯಲ್ಲ, ಅದೇ ಏರ್ಪಾಡು. ಜೀವಕಣದಲ್ಲಿ ಅದರ ಹೆಸರು ಪಿ-53. ಈ ಏರ್ಪಾಡು ಕೆಟ್ಟ ಮಗ್ಗ ಹರಿದ ಎಳೆಯ ಮೇಲೆಯೇ ನೇಯುತ್ತ ಹೋಗುತ್ತದೆ. ಗಜಗಟ್ಟಲೆ ಕೆಟ್ಟ ಬಟ್ಟೆ ಬೀಳುತ್ತದೆ. ಪಿ-53 ಕೆಟ್ಟ ಗೆಡ್ಡೆ ಹೀಗೆಯೇ ಬೆಳೆಯುತ್ತದೆ. ಈ ಮೂರರಲ್ಲಿ ಯಾವುದೂ ಕೆಡದೆ ಬೇರೆ ಕಾರಣಗಳಿಂದ ಹುಟ್ಟಿದವು ನಾಲ್ಕನೆಯ ಗುಂಪು.

ಈ ವಿಂಗಡಣೆಯಿಂದ ರೋಗಿಗೆ ಆಗುವ ಲಾಭವೇನು? ಇದಕ್ಕೆ ಉತ್ತರ 2020ರಲ್ಲಿ ಬಂದಿತು. ಹಾಲೆಂಡಿನ ವೈದ್ಯರ ಮುಂದಾಳತ್ವದಲ್ಲಿ ಬ್ರಿಟನ್, ಇಟಲಿ, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಆಸ್ಪತ್ರೆಗಳು ಸೇರಿ ಅಪಾಯ ಹೆಚ್ಚಿರುವ ಗರ್ಭಕೋಶ ಕ್ಯಾನ್ಸರಿನ 660 ಹೆಂಗಸರ ಮೇಲೆ ಪೋರ್ಟೆಕ್-3 ಎಂಬ ಪ್ರಯೋಗ ನಡೆಸಿದ್ದವು. ಶಸ್ತ್ರಚಿಕಿತ್ಸೆಯ ನಂತರ ಅರ್ಧ ಮಂದಿಗೆ ಬರಿಯ ವಿಕಿರಣ, ಅಂದರೆ ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುವ ಚಿಕಿತ್ಸೆ. ಉಳಿದರ್ಧ ಮಂದಿಗೆ ವಿಕಿರಣದ ಜೊತೆಗೆ ಕಿಮೋ ಔಷಧ. ಆಮೇಲೆ, ತೆಗೆದಿಟ್ಟಿದ್ದ ಗೆಡ್ಡೆಯ ತುಂಡುಗಳಲ್ಲಿ 410ನ್ನು ಹೊಸ ಗುರುತುಗಳ ಪ್ರಕಾರ ವಿಂಗಡಿಸಿ ನೋಡಿದರು.

ಆಗ ಕಂಡ ಅಂಕಿಗಳನ್ನು ಓದುಗರು ನಿಧಾನವಾಗಿ ಗಮನಿಸಬೇಕು. ಐದು ವರ್ಷಗಳ ನಂತರ ರೋಗ ಮರಳದೆ ಇದ್ದವರು, ಪೋಲ್-ಇ ಗುಂಪಿನಲ್ಲಿ ನೂರಕ್ಕೆ 98, ಗುರುತಿಲ್ಲದ ನಾಲ್ಕನೆಯ ಗುಂಪಿನಲ್ಲಿ 74, ಎಂ.ಎಂ.ಆರ್. ಕೆಟ್ಟ ಗುಂಪಿನಲ್ಲಿ 72. ಪಿ-53 ಕೆಟ್ಟ ಗುಂಪಿನಲ್ಲಿ ಬರಿಯ 48. ಎಲ್ಲರೂ ‘ಅಪಾಯ ಹೆಚ್ಚು’ ಎಂಬ ಒಂದೇ ಚೀಟಿ ಅಂಟಿಸಿಕೊಂಡು ಬಂದವರು. ಆ ಒಂದು ಚೀಟಿಯ ಕೆಳಗೆ, ಬಹುಮಟ್ಟಿಗೆ ಗುಣವಾದಂತೆಯೇ ಇದ್ದವಳೂ ಇದ್ದಳು, ಅರ್ಧದಷ್ಟು ಮಾತ್ರ ಭರವಸೆ ಇದ್ದವಳೂ ಇದ್ದಳು.

ಪೋಲ್-ಇ ಎಂದರೆ ಕಿವಿಗೆ ಪೋಲಿ ಎಂದಂತೆ ಕೇಳಿಸುತ್ತದೆ. ಸೂಕ್ಷ್ಮದರ್ಶಕದಲ್ಲಿಯೂ ಈ ಗೆಡ್ಡೆಯ ಮುಖ ಅನೇಕ ವೇಳೆ ವಿಕಾರವಾಗಿಯೇ ಇರುತ್ತದೆ. ಆದರೆ ರೋಗಿಯ ಪಾಲಿಗೆ ಇದೇ ಎಲ್ಲಕ್ಕಿಂತ ಸಾಧು. ಗುಮಾಸ್ತ ಮಾಡಿದ ತಪ್ಪುಗಳು ಅಷ್ಟೊಂದಾಗಿ ತುಂಬಿರುವುದರಿಂದ ದೇಹದ ಕಾವಲುಪಡೆ ಇದನ್ನು ಪರಕೀಯವೆಂದು ಸುಲಭವಾಗಿ ಗುರುತಿಸಿ ಹೊಡೆಯುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಮುಖ ನೋಡಿ ಹೆದರಿದ ಹಳೆಯ ರೀತಿ ಇಂತಹ ಹೆಂಗಸರಿಗೆ ಬೇಕಿಲ್ಲದ ಕರೆಂಟನ್ನೂ ಕಿಮೋವನ್ನೂ ಕೊಟ್ಟಿತು. ಕೂದಲು ಉದುರಿಸಿತು, ಕರುಳು ಸುಟ್ಟಿತು, ಮನೆಯ ಒಡವೆಯನ್ನು ಗಿರವಿ ಇಡಿಸಿತು.

ಇನ್ನೊಂದು ತುದಿಯಲ್ಲಿ ಪಿ-53 ಕೆಟ್ಟ ಗೆಡ್ಡೆ. ಗರ್ಭಕೋಶದ ಕ್ಯಾನ್ಸರುಗಳಲ್ಲಿ ಇದು ನೂರಕ್ಕೆ ಸುಮಾರು 15. ಆದರೆ ಈ ರೋಗದಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದರ ಪಾಲು. ಅದೇ ಪ್ರಯೋಗದಲ್ಲಿ ಈ ಗುಂಪಿನ ಹೆಂಗಸರಿಗೆ ಬರಿಯ ಕರೆಂಟು ಕೊಟ್ಟಾಗ ಐದು ವರ್ಷ ರೋಗ ಮರಳದೆ ಉಳಿದವರು ನೂರಕ್ಕೆ 36. ಕಿಮೋವನ್ನೂ ಸೇರಿಸಿದಾಗ 59. ಈ ಅಂತರ 23. ನೂರು ತಾಯಂದಿರಲ್ಲಿ ಇಪ್ಪತ್ತಮೂರು ಮಂದಿಯ ಭವಿಷ್ಯ ಒಂದು ಗುರುತನ್ನು ನೋಡಿದರೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಎಂ.ಎಂ.ಆರ್. ಕೆಟ್ಟ ಗುಂಪಿನಲ್ಲಾದರೋ ಕಿಮೋ ಸೇರಿಸಿದ್ದರಿಂದ ಲಾಭ ಕಾಣಲಿಲ್ಲ. ಒಬ್ಬಳಿಗೆ ಜೀವದಾನವಾದ ಔಷಧ ಇನ್ನೊಬ್ಬಳಿಗೆ ಬರಿಯ ಸಂಕಟ.

ಇದು ಮಂತ್ರವೆಂದು ನಾವು ಹೇಳುವುದಿಲ್ಲ. ಗುರುತು ಹಿಡಿದು ಚಿಕಿತ್ಸೆ ಕೊಟ್ಟರೂ ಪಿ-53ರ ಗುಂಪಿನಲ್ಲಿ ನೂರಕ್ಕೆ ನಲವತ್ತು ಮಂದಿಗೆ ರೋಗ ಮರಳಿತು. ಆದರೆ ದಾರಿ ತಿಳಿದವನಿಗೂ ಕತ್ತಲೆಯಲ್ಲಿ ತಡಕುವವನಿಗೂ ವ್ಯತ್ಯಾಸವಿದೆ. 2023ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟವು ರೋಗದ ಹಂತ ಹೇಳುವ ತನ್ನ ಪಟ್ಟಿಯಲ್ಲಿಯೇ ಈ ಗುರುತುಗಳನ್ನು ಸೇರಿಸಿತು. ಗರ್ಭಕೋಶವನ್ನು ದಾಟದಿದ್ದರೂ ಅದರ ಸ್ನಾಯುವಿನೊಳಗೆ ಇಳಿದ ಗೆಡ್ಡೆಯಲ್ಲಿ ಪಿ-53 ಕೆಟ್ಟಿದ್ದರೆ ಹಂತ ಮೇಲಕ್ಕೇರುತ್ತದೆ. ಗರ್ಭಕೋಶದಲ್ಲಿಯೇ ಇರುವ ರೋಗದಲ್ಲಿ ಪೋಲ್-ಇ ಗುರುತು ಸಿಕ್ಕರೆ ಹಂತ ಕೆಳಕ್ಕಿಳಿಯುತ್ತದೆ. ಅಂದಮೇಲೆ ಈ ಗುರುತನ್ನು ನೋಡದೆ ಹೇಳಿದ ಹಂತ ಅರೆಬರೆ ತೂಕದ ತಕ್ಕಡಿಯಂತೆ.

ಗುರುತಿನ ಹಿಂದೆಯೇ ಔಷಧಗಳೂ ಬಂದಿವೆ. ಕ್ರೂರ ಗೆಡ್ಡೆಗಳಲ್ಲಿ ಸೀರಸ್ ಎಂಬ ಜಾತಿಯದರಲ್ಲಿ ನೂರಕ್ಕೆ ಸುಮಾರು 30ರಲ್ಲಿ ಹರ್-2 ಎಂಬ ಇನ್ನೊಂದು ಗುರುತು ಸಿಗುತ್ತದೆ. ಇದು ಸ್ತನದ ಕ್ಯಾನ್ಸರಿನಿಂದ ಪರಿಚಿತವಾದ ಗುರುತು. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 61 ಹೆಂಗಸರ ಒಂದು ಪ್ರಯೋಗದಲ್ಲಿ ಕಿಮೋ ಜೊತೆಗೆ ಟ್ರಾಸ್ಟುಜುಮಾಬ್ ಎಂಬ ಔಷಧ ಕೊಟ್ಟಾಗ ರೋಗ ಮುಂದುವರಿಯದೆ ನಿಂತ ಕಾಲ 8 ತಿಂಗಳಿಂದ 12.6 ತಿಂಗಳಿಗೆ ಏರಿತು. ಈ ಔಷಧದ ಕಥೆಯಲ್ಲಿ ನಮ್ಮ ನಾಡಿನ ಪಾತ್ರವೂ ಉಂಟು. ಮೂಲ ಕಂಪನಿ ಭಾರತದಲ್ಲಿ ಪೇಟೆಂಟಿನ ಹಠ ಬಿಟ್ಟ 2013ರಲ್ಲಿಯೇ ಬೆಂಗಳೂರಿನ ಬಯೋಕಾನ್ ಕಂಪನಿಯ ಸಮಾನ ಔಷಧಕ್ಕೆ ಭಾರತದಲ್ಲಿ ಅನುಮತಿ ದೊರೆಯಿತು. ಪೇಟೆಂಟಿನ ಬೇಲಿ ಸಡಿಲವಾದ ಕಡೆ ಔಷಧ ಬಡವನ ಕಡೆಗೆ ಒಂದೆರಡು ಹೆಜ್ಜೆಯಾದರೂ ಇಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬೇಲಿ ಬಿಗಿಯಾಗಿರುವ ಕಡೆ ಏನಾಗುತ್ತದೆ ಎಂಬುದಕ್ಕೆ ಎಂ.ಎಂ.ಆರ್. ಗುಂಪು ಸಾಕ್ಷಿ. ಹರಡಿದ ಅಥವಾ ಮರಳಿ ಬಂದ ರೋಗದಲ್ಲಿ, ದೇಹದ ಕಾವಲುಪಡೆಯನ್ನು ಎಬ್ಬಿಸುವ ಡೋಸ್ಟಾರ್ಲಿಮಾಬ್ ಎಂಬ ಹೊಸ ಔಷಧವನ್ನು ಕಿಮೋ ಜೊತೆ ಕೊಟ್ಟಾಗ ಈ ಗುಂಪಿನ ಹೆಂಗಸರಲ್ಲಿ ಎರಡು ವರ್ಷ ರೋಗ ಮುಂದುವರಿಯದೆ ಇದ್ದವರು ನೂರಕ್ಕೆ 61. ಬರಿಯ ಕಿಮೋ ಪಡೆದವರಲ್ಲಿ ನೂರಕ್ಕೆ 16. ಇದು 2023ರಲ್ಲಿ ಪ್ರಕಟವಾದ ಫಲ. ಆದರೆ ಈ ವರ್ಗದ ಔಷಧಗಳಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಮಂಡಿಯ ಹಮಾಲಿಯೂ ಕಿರಾಣಿ ಅಂಗಡಿಯವನೂ ಅದನ್ನು ಪತ್ರಿಕೆಯಲ್ಲಿ ಓದಬಹುದು, ಅಷ್ಟೆ.

ಈ ಜ್ಞಾನ ಯಾರ ಸೊತ್ತು ಎಂಬ ಪ್ರಶ್ನೆಯನ್ನು ಇಲ್ಲಿ ನಾವು ಎತ್ತಬೇಕಾಗಿದೆ. ನಾಲ್ಕು ಗುಂಪುಗಳನ್ನು ಕಂಡುಹಿಡಿದದ್ದು ಸಾರ್ವಜನಿಕರ ತೆರಿಗೆಯ ಹಣ. ಗೆಡ್ಡೆಯ ತುಂಡುಗಳನ್ನು ಕೊಟ್ಟವರು ಸಾಮಾನ್ಯ ಹೆಂಗಸರು. ತಮಗೆ ಲಾಭವಾಗದಿದ್ದರೂ ಮುಂದೆ ಬರುವವರಿಗಾಗಲಿ ಎಂದು ಸಹಿ ಹಾಕಿದವರು. ಎಲ್ಲರ ತೆರಿಗೆಯಿಂದಲೂ ಎಲ್ಲರ ದೇಹದಿಂದಲೂ ಹುಟ್ಟಿದ ತಿಳಿವಳಿಕೆ ಕೆಲವರ ಹಾಸಿಗೆಯ ಬಳಿಗೆ ಮಾತ್ರ ಹೋಗತಕ್ಕದ್ದೇ? ಸಿರಿವಂತ ಅಮೆರಿಕದಲ್ಲಿಯೂ ಈ ರೋಗದಿಂದ ಸಾಯುವ ಕರಿಯ ಹೆಂಗಸರ ಪ್ರಮಾಣ ಬಿಳಿಯ ಹೆಂಗಸರದಕ್ಕಿಂತ ಸುಮಾರು ಇಮ್ಮಡಿ. ಅವರಲ್ಲಿ ಪಿ-53 ಕೆಟ್ಟ ಗೆಡ್ಡೆ ಹೆಚ್ಚು ಎಂಬುದು ಒಂದು ಕಾರಣ. ತಡವಾಗಿ ಪತ್ತೆಯಾಗುವುದು, ತಕ್ಕ ಚಿಕಿತ್ಸೆ ಸಿಗದಿರುವುದು ಇನ್ನೊಂದು ಕಾರಣ. ಗೆಡ್ಡೆಯ ಕ್ರೌರ್ಯಕ್ಕೆ ಸಮಾಜದ ಕ್ರೌರ್ಯ ಕೈಜೋಡಿಸಿದಾಗ ಲೆಕ್ಕ ಹೀಗೆ ಬರುತ್ತದೆ.

ನಮ್ಮಲ್ಲಿ ಇನ್ನೂ ವಿಚಿತ್ರವಾದ ಸಂಗತಿ ನಡೆದಿದೆ. ಒಂದು ಕಡೆ, ಬೇಡದ ಗರ್ಭಕೋಶಗಳನ್ನು ತೆಗೆಯುವ ವ್ಯಾಪಾರ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಕೂಲಿ ಹೆಂಗಸರ ಗರ್ಭಕೋಶಗಳು ಹೇಗೆ ಹೋದವು ಎಂಬುದು 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂತಹ ಪ್ರಕರಣಗಳ ಮೇಲೆ 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ನಿರ್ದೇಶನ ಕೊಡಬೇಕಾಯಿತು. ಇನ್ನೊಂದು ಕಡೆ, ನಿಜವಾಗಿ ರೋಗವಿದ್ದು ತೆಗೆದ ಗರ್ಭಕೋಶವನ್ನು ಸರಿಯಾಗಿ ಪರೀಕ್ಷಿಸದೆ ಬಿಟ್ಟರೆ ಆ ತಾಯಿಗೆ ಯಾವ ಚಿಕಿತ್ಸೆ ಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ. ಬೇಡದ್ದನ್ನು ಕೊಯ್ಯುವುದಕ್ಕೆ ಕೈ ಇದೆ, ಕೊಯ್ದದ್ದನ್ನು ನೋಡುವುದಕ್ಕೆ ಕಣ್ಣಿಲ್ಲ ಎಂಬಂತಾಗಬಾರದು.

“ಆಸ್ಪತ್ರೆಗಳಲ್ಲಿ ಹತ್ತಿ, ಸೂಜಿಗಳಿಗೇ ಪರದಾಟವಿರುವಾಗ ವಂಶವಾಹಿಯ ಮಾತೇಕೆ?” ಎಂದು ಕೇಳುವವರಿದ್ದಾರೆ. ಇದು ವಿವೇಕದ ಮಾತಿನಂತೆ ತೋರುತ್ತದೆ. ಆದರೆ ಲೆಕ್ಕ ತಿಳಿಯದ ಮಾತು. ಪಿ-53 ಮತ್ತು ಎಂ.ಎಂ.ಆರ್. ಗುರುತುಗಳನ್ನು ನೋಡುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಮೇಣದಲ್ಲಿ ಅದ್ದಿ ಇಟ್ಟ ಗೆಡ್ಡೆಯ ತುಂಡಿನಿಂದ ತೆಳುವಾದ ಪದರ ತೆಗೆದು ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಸ್ತನದ ಕ್ಯಾನ್ಸರಿಗೆ ಇಂತಹದೇ ಬಣ್ಣದ ಪರೀಕ್ಷೆ ಮಾಡುವ ಪ್ರಯೋಗಾಲಯ ಇದನ್ನೂ ಮಾಡಬಲ್ಲದು. ಪಿ-53ಕ್ಕೆ ಒಂದು ಬಣ್ಣ, ಎಂ.ಎಂ.ಆರ್.ಗೆ ಮೊದಲಿಗೆ ಎರಡು. ಪೋಲ್-ಇ ಒಂದಕ್ಕೆ ಮಾತ್ರ ವಂಶವಾಹಿಯ ಬರಹವನ್ನೇ ಓದಬೇಕು. ಅದಕ್ಕೂ ರೋಗಿ ಬೆಂಗಳೂರಿಗೆ ಬಸ್ಸು ಹತ್ತಬೇಕಾಗಿಲ್ಲ, ಮೇಣದ ತುಂಡು ಅಂಚೆಯಲ್ಲಿ ಹೋಗಬಲ್ಲದು. ಬೇಡದ ಒಂದು ಕರೆಂಟು ಚಿಕಿತ್ಸೆ ತಪ್ಪಿದರೆ ಉಳಿಯುವ ಹಣವನ್ನು, ವಾರಗಟ್ಟಲೆ ಊರು ಬಿಟ್ಟು ಇರುವ ಖರ್ಚನ್ನು, ಯಂತ್ರದ ಮುಂದೆ ಕಾದಿರುವ ಇನ್ನೊಬ್ಬ ರೋಗಿಗೆ ಸಿಗುವ ಸರದಿಯನ್ನು ಈ ಲೆಕ್ಕಿಗರು ಜಮೆಗೆ ಹಿಡಿಯುವುದೇ ಇಲ್ಲ. ಖರ್ಚಿನ ಪುಟ ಮಾತ್ರ ತೆರೆದು ಕೂರುತ್ತಾರೆ.

ಎಂ.ಎಂ.ಆರ್. ಪರೀಕ್ಷೆಯಿಂದ ಇನ್ನೊಂದು ಉಪಕಾರ. ಈ ದೋಷ ಬಹುಮಂದಿಯಲ್ಲಿ ಹುಟ್ಟಿನಿಂದ ಬಂದದ್ದಲ್ಲ. ಆದರೆ ಗರ್ಭಕೋಶ ಕ್ಯಾನ್ಸರಿನ ನೂರು ಮಂದಿಯಲ್ಲಿ ಸುಮಾರು 3 ಮಂದಿಗೆ ಅದು ವಂಶದಿಂದ ಬಂದಿರುತ್ತದೆ. ಅದಕ್ಕೆ ಲಿಂಚ್ ಲಕ್ಷಣಕೂಟವೆಂದು ಹೆಸರು. ಅಂತಹ ಮನೆಯ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಭಯವೂ ಉಂಟು. ತಾಯಿಯ ಒಂದು ಪರೀಕ್ಷೆ ಮಕ್ಕಳನ್ನು ಮೊದಲೇ ಎಚ್ಚರಿಸಬಲ್ಲದು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು, ಸರಕಾರಿಯಾಗಲಿ ಖಾಸಗಿಯಾಗಲಿ, ತೆಗೆದ ಪ್ರತಿಯೊಂದು ಗರ್ಭಕೋಶವನ್ನೂ ಪರೀಕ್ಷೆಗೆ ಕಳುಹಿಸಬೇಕು. ವರದಿಯನ್ನು ರೋಗಿಯ ಕೈಗೆ ಕೊಟ್ಟು ಕನ್ನಡದಲ್ಲಿ ತಿಳಿಯಹೇಳಬೇಕು. ಎರಡು, ಕ್ಯಾನ್ಸರ್ ಎಂದಾದಲ್ಲಿ ಪಿ-53 ಮತ್ತು ಎಂ.ಎಂ.ಆರ್. ಪರೀಕ್ಷೆಗಳು ಎಲ್ಲ ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಸಾಮಾನ್ಯ ವರದಿಯ ಭಾಗವಾಗಬೇಕು. ಅದಕ್ಕೆ ಬೇರೆ ಶುಲ್ಕ ಕೂಡದು. ಮೂರು, ಪೋಲ್-ಇ ಮತ್ತು ಹರ್-2 ಪರೀಕ್ಷೆಗಳಿಗೆ ಜಿಲ್ಲೆಗಳಿಂದ ಬರುವ ತುಂಡುಗಳನ್ನು 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಂತಹ ಸಾರ್ವಜನಿಕ ಕೇಂದ್ರಗಳಲ್ಲಿ ಉಚಿತವಾಗಿ ನೋಡುವ ಏರ್ಪಾಡಾಗಬೇಕು. ನಾಲ್ಕು, ಗುರುತು ಸಿಕ್ಕಮೇಲೆ ಅದಕ್ಕೆ ತಕ್ಕ ಔಷಧವೂ ಸರಕಾರಿ ವಿಮೆಯೊಳಗೆ ಬರಬೇಕು. ಬೀಗ ತೋರಿಸಿ ಕೀಲಿಕೈ ಬಚ್ಚಿಡುವುದು ನ್ಯಾಯವಲ್ಲ.

ಇದಕ್ಕೆ ಹಣವೆಲ್ಲಿ ಎಂದರೆ, ಗಿರಣಿ ಕಾರ್ಮಿಕ ತನ್ನ ಪಾಲನ್ನು ಮೊದಲೇ ಕೊಟ್ಟಿದ್ದಾನೆ. 2019ರಲ್ಲಿ ಗೊತ್ತುಮಾಡಿದ ಪ್ರಕಾರ ಇ.ಎಸ್.ಐ.ಗೆ ಅವನ ಸಂಬಳದಿಂದ ನೂರಕ್ಕೆ 75 ಪೈಸೆ, ಮಾಲೀಕನಿಂದ ಮೂರೂಕಾಲು ರೂಪಾಯಿ. ಅದರ ಚಿಕಿತ್ಸೆಯ ಹಕ್ಕು ಹೆಂಡತಿಗೂ ಅವಲಂಬಿತ ತಾಯಿಗೂ ಉಂಟು. ದುಡಿಯುವ ಹೆಂಗಸೇ ವಿಮೆಗೆ ಸೇರಿದವಳಾಗಿದ್ದು ಕ್ಯಾನ್ಸರಿಗೆ ತುತ್ತಾದರೆ ದೀರ್ಘ ಕಾಯಿಲೆಯ ಭತ್ಯವಾಗಿ ಕೂಲಿಯ ನೂರಕ್ಕೆ 80ರಷ್ಟು ಎರಡು ವರ್ಷದವರೆಗೆ ಪಡೆಯುವ ಅವಕಾಶವನ್ನೂ ಆ ಯೋಜನೆಯಲ್ಲಿ ಇಡಲಾಗಿದೆ. ಇದು ದಾನವಲ್ಲ, ಹಕ್ಕು. ಕೇಳದವನಿಗೆ ಸಿಗದ ಹಕ್ಕು. ಸಣ್ಣ ವ್ಯಾಪಾರಿಯ ಪಾಡು ಇದಕ್ಕಿಂತ ಕಷ್ಟ. 2018ರ ಆರೋಗ್ಯ ಕರ್ನಾಟಕ ಯೋಜನೆ ಬಿ.ಪಿ.ಎಲ್. ಚೀಟಿಯವರಿಗೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಎಂದಿತು. ಉಳಿದವರಿಗೆ ಗೊತ್ತುಪಡಿಸಿದ ದರದ ನೂರಕ್ಕೆ 30 ಮಾತ್ರ. ದಿನದ ವ್ಯಾಪಾರದಲ್ಲಿ ದಿನದ ಊಟ ಮಾಡುವ ಅಂಗಡಿಯವನು ಚೀಟಿಯ ಬಣ್ಣದಿಂದ ಶ್ರೀಮಂತನಾಗಿ ಆಸ್ಪತ್ರೆಯ ಬಿಲ್ಲಿನಿಂದ ಭಿಕಾರಿಯಾಗುತ್ತಾನೆ.

ಸರಕಾರವನ್ನು ಕೇಳುವುದರ ಜೊತೆಗೆ ನಾವು ಮಾಡಬೇಕಾದದ್ದೂ ಉಂಟು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕಾರ್ಮಿಕ ಸಂಘದ ಸಭೆಗಳಲ್ಲಿ, ವರ್ತಕರ ಸಂಘದ ಕೂಟಗಳಲ್ಲಿ ಈ ಮಾತು ಬಾಯಿಬಿಟ್ಟು ಆಡಬೇಕು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿಕೊಳ್ಳಬೇಕೆಂಬುದನ್ನು ಗಂಡಸರು ಮೊದಲು ತಿಳಿಯಬೇಕು. ಏಕೆಂದರೆ ಬಸ್ಸಿನ ದುಡ್ಡು ಬಹಳ ಮನೆಗಳಲ್ಲಿ ಅವರ ಜೇಬಿನಲ್ಲಿದೆ. ಶಸ್ತ್ರಚಿಕಿತ್ಸೆ ಆದಮೇಲೆ “ಗೆಡ್ಡೆಯ ವರದಿ ಎಲ್ಲಿ? ಪಿ-53 ನೋಡಿದ್ದೀರಾ? ಎಂ.ಎಂ.ಆರ್. ನೋಡಿದ್ದೀರಾ?” ಎಂದು ಕೇಳುವುದಕ್ಕೆ ಡಾಕ್ಟರಿಕೆ ಓದಿರಬೇಕಾಗಿಲ್ಲ. ನಾಲ್ಕು ಮಂದಿ ಕೇಳಿದರೆ ಐದನೆಯವರಿಗೆ ಕೇಳದೆಯೇ ಸಿಗುತ್ತದೆ. ಎಂಟು ಗಂಟೆಯ ಕೆಲಸದ ಹಕ್ಕು ನಮಗೆ ಬಂದದ್ದೂ ಹಾಗೆಯೇ.

ಇಂದು ಸಂಜೆ ಪಾಳಿ ಮುಗಿಸಿಯೋ ಅಂಗಡಿಯ ಬಾಗಿಲು ಹಾಕಿಯೋ ಮನೆಗೆ ಹೋದಾಗ, ಓದುಗರು ಈ ಹಾಳೆಯನ್ನು ಮನೆಯ ಹೆಂಗಸರ ಕೈಗೆ ಕೊಡಲಿ. ಓದಲು ಬಾರದವರಿದ್ದರೆ ಗಟ್ಟಿಯಾಗಿ ಓದಿ ಹೇಳಲಿ. ನಾಚಿಕೆ ಪಡುವ ಕಾರಣ ಇದರಲ್ಲಿ ಏನೂ ಇಲ್ಲ. ನಾಚಿಕೆ ಪಡಬೇಕಾದದ್ದು, ತಿಳಿದಿದ್ದೂ ತಿಳಿಸದ ಸಮಾಜ. ಸಾಧನವಿದ್ದೂ ಕೊಡದ ಸರಕಾರ.